ಮದ್ದಿನ ಮನೆಯ ಮುಂದೆ ಹಾಸಿದ ಕಂಬಳಿ

ಮೊನ್ನೆ ಅಕ್ಕನ ಮನೆಯಲ್ಲಿ ಅವರೆ ಮಡಕೆಗೆ ಕೈ ಹಾಕಿದೆ. ಬಾವ ತೀರಿಕೊಂಡು ಹನ್ನೊಂದು ದಿನವಾಗಿತ್ತು. ಮನೆ ತುಂಬ ನೆಂಟರು, ಒಲೆ ಆರಿಸುವಂತಿಲ್ಲ. "ತಮ್ಮಾ, ಆ ಮೂಲೆ ಮಡಕೇಲಿ ಅವರೆ ಅದೆ, ಎರಡು ಸೇರು ತೋಡ್ಕೊಡು" ಅಂದಳು ಅಕ್ಕ. ಬಾಯಿಗೆ ಮೆತ್ತಿದ್ದ ಮಣ್ಣು ಕಿತ್ತು ಮುಚ್ಚಳ ತೆಗೆದೆ. ಒಣಗಿದ ಕಾಳಿನ ಧೂಳು, ಅದರ ನಡುವೆ ಅಂಟುವಾಳದ ಕಾಯಿಯ ಕಟು ವಾಸನೆ ಮೂಗಿಗೆ ಹೊಡೆಯಿತು. ಮೊಳಕೈವರೆಗೂ ಕೈ ಇಳಿಸಿದಾಗ ಬೆರಳಿಗೆ ಗೋಲಿಯಷ್ಟು ದಪ್ಪದ ಬುರುಡೆ ಸಿಕ್ಕಿತು. ಅಲ್ಲಾಡಿಸಿದರೆ ಒಳಗೆ ಭಾರವಾದದ್ದೇನೋ ಹೊರಳಿತು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನೆಂಟರು ಮುದುಕನಿಗೆ ತಲೆ ಸುತ್ತು ಬಂತು ಅಂದುಕೊಂಡರು. ತಲೆ ಸುತ್ತೂ ಇಲ್ಲ, ಮಣ್ಣೂ ಇಲ್ಲ. ನಲವತ್ತು ವರ್ಷದ ಹಿಂದಿನ ಒಂದು ಬೇಸಗೆ ಹಾಗೇ ಎದ್ದು ಬಂದು ಎದುರಿಗೆ ಕೂತಿತ್ತು.

ಆ ಬೇಸಗೆಯ ಬಗ್ಗೆ ಊರಲ್ಲಿ ಬಾಯಿಗೆ ಬಂದ ಹಾಗೆ ಮಾತಾಡುವವರು ಈಗಲೂ ಇದ್ದಾರೆ. "ಪಾದರಸದ ಬೊಮ್ಮಯ್ಯ" ಅಂತ ಬೆನ್ನ ಹಿಂದೆ ನನ್ನನ್ನು ಕರೆಯುವುದು ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ. ಕರೆಯಲಿ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನನ್ನ ತಪ್ಪನ್ನೂ ಮುಚ್ಚಿಡುವುದಿಲ್ಲ, ನನ್ನ ಸರಿಯನ್ನೂ ಬಿಟ್ಟುಕೊಡುವುದಿಲ್ಲ.

ಕಣಿವೆಯ ತಲೆಯ ಕಡೆ ದೊಡ್ಡ ಅಣೆಕಟ್ಟಿನ ಕೆಲಸ ನಡೆಯುತ್ತಿದ್ದ ಕಾಲ ಅದು. ಆ ನೀರು ನಮ್ಮ ಗದ್ದೆಗೆ ಇಳಿಯುವುದಕ್ಕೆ ಇನ್ನೂ ಒಂದೆರಡು ವರ್ಷವಿತ್ತು. ನಾನು ಹೇಳುತ್ತಿರುವುದು ಆ ಕೆಲಸದ ಸುದ್ದಿಯಲ್ಲ. ನಮ್ಮದು ಪಡುವಣ ಬೆಟ್ಟಕ್ಕೆ, ಏಲಕ್ಕಿ ತೋಟಗಳಿಗೆ ಗಾಡಿ ಹತ್ತುವ ರಸ್ತೆ. ಒಬ್ಬ ಬಿಳಿ ಕಂಟ್ರಾಕ್ಟುದಾರನ ಕೆಲಸ. ಬಂಡೆ ಸೀಳಲು ಡೈನಮೈಟ್ ಬೇಕು. ಅದು ರೈಲಿನಲ್ಲಿ ದಿಂಡಿಗಲ್ಲಿಗೆ ಬಂದು, ಅಲ್ಲಿಂದ ಪೆರಿಯಕುಳಂ ಮೇಲೆ ಎತ್ತಿನ ಗಾಡಿಯಲ್ಲಿ ಬರಬೇಕು. ಆ ಗಾಡಿ ಹೊಡೆಯುತ್ತಿದ್ದವನೇ ನಾನು. ನನಗೆ ಆಗ ಇಪ್ಪತ್ತನಾಲ್ಕು. ತಮಿಳು ಸೀಮೆಯ ಮಾರ್ಕಯನ್‌ಕೋಟ್ಟೈಯಲ್ಲಿ ತಲೆಮಾರುಗಳಿಂದ ನೆಲೆಸಿದ ಕನ್ನಡ ಒಕ್ಕಲು ಮನೆಯವನು. ತಮಿಳು ಓದಲು ಬರುತ್ತಿತ್ತು, ಅಂಕಿ ಬರುತ್ತಿತ್ತು, ಪೆಟ್ಟಿಗೆಗಳ ಮೇಲೆ ಒದ್ದೆ ಗೋಣಿ ಹಾಕಿ ಮೂರು ದಿನ ಬಿಸಿಲಲ್ಲಿ ಒಂದೂ ಕೆಡಿಸದೆ ತಂದಿದ್ದೆ. ಅದಕ್ಕೇ ಆ ಕಂಟ್ರಾಕ್ಟುದಾರ ದೊರೆ ನನ್ನನ್ನು ಗಾಡಿಯಿಂದ ಇಳಿಸಿ ಪರೀಕ್ಷೆ ಕೊಠಡಿಗೆ ಹಾಕಿಕೊಂಡರು.

ಕೊಠಡಿ ಅಂದರೆ ಏನೂ ಇಲ್ಲ. ಬೆಟ್ಟದ ಬುಡದಲ್ಲಿ ಮಣ್ಣು ಗೋಡೆ, ಹೆಂಚು, ಬಡಗಣ ದಿಕ್ಕಿಗೆ ಒಂದು ಕಿಟಕಿ. ಅಲ್ಲಿಂದ ಕೂಗಿದರೆ ಕೇಳಿಸುವಷ್ಟು ದೂರದಲ್ಲಿ, ಮುಳ್ಳುಬೇಲಿಯೊಳಗೆ ಡೈನಮೈಟ್ ಪೆಟ್ಟಿಗೆ ಇಡುವ ಮದ್ದಿನ ಮನೆ. ಕೊಠಡಿಯ ಯಜಮಾನರು ಶ್ಯಾಮರಾಯರು. ಮೈಸೂರು ಸೀಮೆಯವರು, ಮದರಾಸಿನಲ್ಲಿ ರಸಾಯನ ಓದಿದವರು. ಮೊದಲ ದಿನ ನನ್ನ ಬಾಯಲ್ಲಿ ಕನ್ನಡ ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು. "ಏನಪ್ಪಾ ಇದು, ನಮ್ಮ ಮುತ್ತಜ್ಜಿ ಮಾತಾಡಿದ ಹಾಗಿದೆಯಲ್ಲ! ಅರ್ಧಕ್ಕೆ ತಮಿಳಿನ ಒಗ್ಗರಣೆ ಬೇರೆ" ಅಂತ ನಕ್ಕರು. ನನಗೆ ರೇಗಿತು. "ನಿಮ್ಮ ಮುತ್ತಜ್ಜಿ ಶ್ಯಾನೆ ಚೆನ್ನಾಗೇ ಮಾತಾಡಿರ್ಬೇಕು ಸಾಮಿ" ಅಂದೆ. ಆವತ್ತೇ ಅವರಿಗೆ ನಾನು ಹಿಡಿಸಿದೆ. ಬಿಡುವಾದಾಗ ಕನ್ನಡ ಅಕ್ಷರ ತಿದ್ದಿಸಿದರು. ಇವತ್ತು ನಾನು ಇದನ್ನು ಬರೆಯುತ್ತಿರುವುದು ಆ ಪುಣ್ಯಾತ್ಮ ಹಾಕಿಕೊಟ್ಟ ಅಕ್ಷರದಲ್ಲೇ.

ಡೈನಮೈಟಿನ ಜೀವ ಇರುವುದು ಅದರೊಳಗಿನ ಎಣ್ಣೆಯಲ್ಲಿ. ಎಣ್ಣೆ ಕೆಡದೆ ಇದ್ದರೆ ನಾವು ಹೇಳಿದಾಗ ಸಿಡಿಯುತ್ತದೆ; ಕೆಟ್ಟರೆ ಅದರ ಇಷ್ಟ. ಕೆಟ್ಟಿದೆಯೋ ಇಲ್ಲವೋ ನೋಡುವುದೇ ನಮ್ಮ ಕೆಲಸ. ಡೈನಮೈಟಿನ ಒಂದು ಕಡ್ಡಿಯಿಂದ ಆ ಎಣ್ಣೆಯನ್ನು ಬಸಿದು, ಚೂರೇ ಚೂರು ಗಾಜಿನ ಕೊಳವೆಗೆ ಹಾಕಿ, ಬಿಸಿನೀರಿನ ತಾಮ್ರದ ಪಾತ್ರೆಯಲ್ಲಿ ನಿಲ್ಲಿಸಬೇಕು. ನೀರು ಫ್ಯಾರನ್‌ಹೀಟ್ ಲೆಕ್ಕದಲ್ಲಿ ನೂರ ಅರವತ್ತು ಡಿಗ್ರಿಯಲ್ಲೇ ಇರಬೇಕು. ಕೊಳವೆಯ ಬಾಯಿಗೆ ಬಿರಡೆ, ಬಿರಡೆಯಿಂದ ಒಳಗೆ ಇಳಿಬಿಟ್ಟ ಒಂದು ಕಾಗದದ ಚೂರು. ಗಂಜಿಯಲ್ಲೂ ಯಾವುದೋ ಉಪ್ಪಿನಲ್ಲೂ ಅದ್ದಿ ಒಣಗಿಸಿದ ಕಾಗದ ಅದು, ದೊರೆಗಳ ಸೀಮೆಯಿಂದ ಡಬ್ಬಿಯಲ್ಲಿ ಬರುತ್ತಿತ್ತು. ಎಣ್ಣೆ ಕೆಡತೊಡಗಿದ್ದರೆ ಬಿಸಿಗೆ ಅದರಿಂದ ಹೊಗೆ ಏಳುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕಾಗದಕ್ಕೆ ಗೊತ್ತಾಗುತ್ತದೆ. ಅದರ ಮೇಲೆ ಸಣ್ಣ ಕಂದು ಗೆರೆ ಮೂಡುತ್ತದೆ. ಹದಿನೈದು ನಿಮಿಷದೊಳಗೆ ಗೆರೆ ಮೂಡಿದರೆ ಆ ಪೆಟ್ಟಿಗೆ ಸುಡಬೇಕು, ಮೂಡದಿದ್ದರೆ ಬೆಟ್ಟ ಹತ್ತಿಸಬಹುದು. ನೀರಿನ ಬಿಸಿ ಕಾಯುವವನು ನಾನು, ಗಡಿಯಾರ ನೋಡುವವರು ರಾಯರು. ಒಂದು ಡಿಗ್ರಿ ಆಚೀಚೆ ಆದರೆ ಹಣೆ ಚಚ್ಚಿಕೊಳ್ಳುತ್ತಿದ್ದರು.

ಒಂದು ದಿನ ನಾನು ಕೇಳಿದೆ: "ಸಾಮಿ, ನೀರು ಇನ್ನೂರ ಹನ್ನೆರಡರಲ್ಲಿ ಕುದೀತದೆ ಅಂತ ಪುಸ್ತಕದಾಗೆ ಬರ್ದಿದೀರಿ. ಈ ಎಣ್ಣೆ ಎಷ್ಟರಲ್ಲಿ ಕುದೀತದೆ?"

"ಇದು ಕುದಿಯೋದಿಲ್ಲ ಬೊಮ್ಮಯ್ಯ. ಕುದಿಯೋ ತನಕ ಕಾಯೋ ತಾಳ್ಮೆ ಇದಕ್ಕಿಲ್ಲ. ಅದಕ್ಕೆ ಮುಂಚೆನೇ ಸಿಡಿದು ಹೋಗುತ್ತೆ" ಅಂದರು ರಾಯರು. ನಮ್ಮ ಅವ್ವನ ಜಾತಿ ಅಂದುಕೊಂಡೆ ನಾನು.

ಬೆಟ್ಟದ ಮೇಲೆ ಬಂಡೆಗೆ ಗುಂಡಿ ಕೊರೆದು ಮದ್ದು ತುಂಬಿ, ಗಳದಿಂದ ಜಡಿದು, ಬತ್ತಿ ಹಚ್ಚುವವರಲ್ಲಿ ಅರ್ಧಕ್ಕರ್ಧ ನಮ್ಮವರೇ. ಅವರಿಗೆ ಮೇಸ್ತ್ರಿ ಲಿಂಗಪ್ಪ, ನನ್ನ ಬಾವ, ಅಕ್ಕ ತಿಮ್ಮಕ್ಕನ ಗಂಡ. ಆ ಕೆಲಸದಲ್ಲಿ ಪೂರಾ ಬೆರಳಿರುವ ಮನುಷ್ಯ ಅಪರೂಪ. ಒಬ್ಬನಿಗೆ ಹೆಬ್ಬೆಟ್ಟಿಲ್ಲ, ಇನ್ನೊಬ್ಬನಿಗೆ ಅಂಗೈಯೇ ಇಲ್ಲ. ಅಮಾವಾಸ್ಯೆಗೊಮ್ಮೆ ಬಾವ ಮನೆಗೆ ಬಂದರೆ ಅಕ್ಕ ನೀರು ಕೊಡುವ ಮೊದಲು ಅವನ ಎರಡೂ ಕೈ ಹಿಡಿದು ಬೆರಳು ಎಣಿಸುತ್ತಿದ್ದಳು. ಅವನು "ಏನ್ಡೀ, ಹನ್ನೊಂದಾಗಿದಾವಾ?" ಅಂತ ನಗುತ್ತಿದ್ದ. ಅವಳು ನಗುತ್ತಿರಲಿಲ್ಲ. ಹತ್ತು ಆದ ಮೇಲೇ ಚೆಂಬು ಮುಂದೆ ಮಾಡುತ್ತಿದ್ದಳು.

ಆ ವರ್ಷ ಮಾಸಿ ತಿಂಗಳಲ್ಲಿ, ಚಳಿ ಕಳೆಯುವ ಹೊತ್ತಿಗೆ, ನಮ್ಮ ಕಾಗದಕ್ಕೆ ಹುಳು ಬಿತ್ತು. ಪುಸ್ತಕ ತಿನ್ನುವ ಬೆಳ್ಳಿಹುಳು. ಗಂಜಿ ಹಾಕಿದ ಕಾಗದ ಅಂದರೆ ಅದಕ್ಕೆ ಹಬ್ಬದೂಟ. ಒಂದು ಡಬ್ಬಿ ಅರ್ಧಕ್ಕರ್ಧ ಜರಡಿಯಾಗಿ ಹೋಯಿತು. ಉಳಿದದ್ದು ಒಂದೇ ಡಬ್ಬಿ, ಹೊಸದು ಮದರಾಸಿನಿಂದ ಬರಲು ತಿಂಗಳುಗಟ್ಟಲೆ ಬೇಕು. ರಾಯರು ತಲೆ ಮೇಲೆ ಕೈ ಹೊತ್ತು ಕೂತರು. ತೂತು ಬಿದ್ದ ಕಾಗದ ಎಸೆದುಬಿಡು ಅಂದರು. ನಾನು ಎಸೆಯಲಿಲ್ಲ. ಅಕ್ಷರ ತಿದ್ದಲು ಆಗುತ್ತದೆ ಅಂತ ಒಂದು ಬಿದಿರು ಅಂಡೆಯಲ್ಲಿ ತುಂಬಿ, ಬಾಯಿಗೆ ಬೆಂಡು ತುರುಕಿ, ಸೂರಿಗೆ ಸಿಕ್ಕಿಸಿಟ್ಟೆ.

ಆ ವಾರ ಊರಿಗೆ ಹೋದಾಗ ಅವ್ವನ ಮುಂದೆ ಇದನ್ನೆಲ್ಲ ಹೇಳಿದೆ. ಅವ್ವ ಅವರೆ ಕೇರುತ್ತಿದ್ದಳು. ಮೊರ ನಿಲ್ಲಿಸಿ ನನ್ನ ಮುಖ ನೋಡಿದಳು.

"ಇದ್ಕೇನ್ಡಾ ಮುಖ ಸುಟ್ಟ ಬದನೆಕಾಯಿ ಮಾಡ್ಕೊಂಡಿದೀಯ? ಅವರೆ ಮಡಕೇಲಿ ನಾ ಏನು ಮಡಗ್ತೀನಿ? ಅದ್ನೇ ಮಡಗು!"

ನಮ್ಮಲ್ಲಿ ಅದು ತಲೆಮಾರಿನ ಪದ್ಧತಿ. ಅಂಟುವಾಳದ ಕಾಯಿಯ ಬೀಜ ತೆಗೆದು, ಆ ಬುರುಡೆಯೊಳಗೆ ಕಾಳಿನಷ್ಟು ಪಾದರಸ ಬಿಟ್ಟು, ಮೇಣದಿಂದ ಬಾಯಿ ಮುಚ್ಚಿ, ಮೇಣಕ್ಕೆ ಸೂಜಿಯಿಂದ ಒಂದು ತೂತು ಚುಚ್ಚಿ ಕಾಳಿನ ನಡುವೆ ಹುದುಗಿಸುತ್ತಾರೆ. ಎರಡು ವರ್ಷವಾದರೂ ಒಂದು ಕಾಳಿಗೂ ಹುಳು ಬೀಳುವುದಿಲ್ಲ. ಇದನ್ನು ಕಲಿಯಲು ಯಾವ ದೊರೆಯ ಪುಸ್ತಕವೂ ಬೇಕಿರಲಿಲ್ಲ. ಅವ್ವ ಎರಡು ಬುರುಡೆ ಮಾಡಿಕೊಟ್ಟಳು. ನಾನು ತಂದು ಉಳಿದ ಡಬ್ಬಿಯಲ್ಲಿ ಇಟ್ಟೆ.

ಹುಳು ಮಾಯ! ಒಂದೂ ಬರಲಿಲ್ಲ. ರಾಯರು ಬೆನ್ನು ತಟ್ಟಿ, "ಹಿತ್ತಲ ಗಿಡ ಮದ್ದಲ್ಲ ಅಂತಾರೆ, ಇದು ಮದ್ದಿಗೇ ಮದ್ದಾಯಿತಲ್ಲೋ" ಅಂದರು. ನನಗೆ ಕೋಡು ಬಂದ ಹಾಗಾಯಿತು. ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಬುರುಡೆಯ ಸೂಜಿತೂತಿನಿಂದ ಹುಳುವನ್ನು ಅಟ್ಟುವಂಥದ್ದು ಹೊರಗೆ ಬರುತ್ತಿದೆ, ಹಾಗಿದ್ದರೆ ಅದು ಕಾಗದಕ್ಕೂ ತಾಗುತ್ತದೆ ಎಂದು ಯೋಚಿಸುವ ಬುದ್ಧಿ ನನಗಿರಲಿಲ್ಲ. ಓದಿದ ರಾಯರಿಗೂ ಹೊಳೆಯಲಿಲ್ಲ. ಆದರೆ ಇಟ್ಟ ಕೈ ನನ್ನದು.

ಚಿತ್ತಿರೈ ತಿಂಗಳು ಬಂತು. ಕಾದ ಹಂಚಿನ ಬಿಸಿಲು. ಮದ್ದಿನ ಮನೆಯ ಹುಲ್ಲು ಮಾಡಿಗೆ ದಿನಕ್ಕೆ ಮೂರು ಸಲ ನೀರು ಎರಚಿದರೂ ಒಳಗೆ ಹೋದರೆ ಮೈ ಬೇಯುತ್ತಿತ್ತು. ಮೇಲೆ ಒಂದು ದೊಡ್ಡ ಬಂಡೆ ರಸ್ತೆಗೆ ಅಡ್ಡ ನಿಂತಿತ್ತು. ಮಳೆ ಹಿಡಿಯುವುದರೊಳಗೆ ಅದನ್ನು ಒಡೆಯದಿದ್ದರೆ ವರ್ಷವೇ ಹೋಯಿತು ಅಂತ ದೊರೆ ಬೆಳಗ್ಗೆ ಸಂಜೆ ಕುದುರೆ ಮೇಲೆ ಓಡಾಡುತ್ತಿದ್ದರು. ಪರೀಕ್ಷೆಯಲ್ಲೋ, ನಮಗೆ ಸುಗ್ಗಿ. ಯಾವ ಪೆಟ್ಟಿಗೆ ತೆಗೆದರೂ ಇಪ್ಪತ್ತು ನಿಮಿಷ, ಇಪ್ಪತ್ತೈದು, ಮೂವತ್ತು; ಗೆರೆಯೇ ಇಲ್ಲ. ಇಷ್ಟು ಒಳ್ಳೆಯ ಸರಕು ತಾನು ಕಂಡಿಲ್ಲ ಅಂತ ರಾಯರು ಸಹಿ ಹಾಕಿದರು. ಆ ಒಂದೂವರೆ ತಿಂಗಳಲ್ಲಿ ಬೆಟ್ಟ ಹತ್ತಿದ ಪೆಟ್ಟಿಗೆಗಳೆಲ್ಲ ಸಿಡಿಯಬೇಕಾದಲ್ಲೇ ಸಿಡಿದವು. ಅದು ನಮ್ಮ ಜಾಣತನವಲ್ಲ, ಯಾರದೋ ಪುಣ್ಯ.

ಒಂದು ಮಧ್ಯಾಹ್ನ ಬಾವ ಇಳಿದು ಬಂದ. ಮರುದಿನ ದೊಡ್ಡ ಬಂಡೆಗೆ ಮದ್ದು ತುಂಬಬೇಕಿತ್ತು, ಉಳಿದಿದ್ದ ಎಂಟು ಪೆಟ್ಟಿಗೆ ನೋಡಿಕೊಂಡು ಹೋಗಲು ಬಂದಿದ್ದ. ಒಂದು ಪೆಟ್ಟಿಗೆಯ ಮುಚ್ಚಳ ಎತ್ತಿ ಮೂಗು ಇಟ್ಟವನು ತಟ್ಟನೆ ಹಿಂದೆ ಸರಿದ.

"ಮಚ್ಚಾ, ಇದು ಸರಿಯಿಲ್ಲ" ಅಂದ. ಹೆಂಡತಿಯ ತಮ್ಮನನ್ನು ನಮ್ಮಲ್ಲಿ ಹಾಗೇ ಕರೆಯುವುದು. "ಅಕ್ಕಸಾಲಿ ದ್ರಾವಕ ನಾತ ಹೊಡೀತದೆ. ಕಡ್ಡಿ ಸುತ್ತಿರೋ ಕಾಗದದ ಮೇಲೆ ನೋಡು, ಪಾಚಿ ಬಣ್ಣ."

ರಾಯರು ಊಟಕ್ಕೆ ಹೋಗಿದ್ದರು. ಕೊಠಡಿಯಲ್ಲಿ ನಾನೇ ದೊರೆ. "ಬಾವಾ, ಮೂಗು ನಂಬೋ ಕಾಲ ಹೋಯ್ತು. ಇದು ಮೂವತ್ತು ನಿಮಿಷ ತಾಳಿದ ಮದ್ದು" ಅಂದೆ.

"ನಿನ್ ಕಾಗದಕ್ಕೆ ಮೂಗದಾ?"

"ನಿನ್ ಮೂಗಿಗೆ ಗಡಿಯಾರ ಅದಾ?"

ಮಾತಿಗೆ ಮಾತು ಬೆಳೆಯಿತು. ಹಟ ಹಿಡಿದು ಅವನ ಕಣ್ಣೆದುರೇ ಪರೀಕ್ಷೆ ಮಾಡಿ ತೋರಿಸಿದೆ. ಅದೇ ಪೆಟ್ಟಿಗೆಯ ಕಡ್ಡಿ, ಡಬ್ಬಿಯ ಕಾಗದ. ಮೂವತ್ತು ನಿಮಿಷ. ಕಾಗದ ಹಾಲಿನ ಹಾಗೆ ಬೆಳ್ಳಗಿತ್ತು. ಬಾವ ಮೂವತ್ತು ನಿಮಿಷವೂ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಕೊನೆಗೆ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ಸರಿ ಮಚ್ಚಾ. ನಾಳೆ ಬೆಳಗ್ಗೆ ಆಳು ಕರ್ಕೊಂಡು ಬತ್ತೀನಿ. ನೀನು ಒಪ್ಪಿದ ಮೇಲೆ ನಾನೇನು ಸೊಲ್ಲೋದು? ಜಡಿಯೋ ಕೈ ನಂದು, ಅಷ್ಟೇ." ಹಾಗಂದು ಹೊರಟುಹೋದ.

ಆ ಮಾತು ಚುಚ್ಚಿತು. ಕೋಪಕ್ಕೆ ಕೈಗೆ ಕೆಲಸ ಬೇಕು. ಅಕ್ಷರ ತಿದ್ದೋಣ ಅಂತ ಸೂರಿನ ಅಂಡೆ ಕೆಳಗಿಳಿಸಿ ಬೆಂಡು ಕಿತ್ತೆ. ಹುಳು ತಿಂದ ಕಾಗದ ಮಡಿಲಿಗೆ ಉದುರಿತು. ಪಾತ್ರೆಯಲ್ಲಿ ಕೊಳವೆ ಇನ್ನೂ ಬಿಸಿಯಾಗೇ ಇತ್ತು. ಯಾಕೆ ಹಾಗೆ ಮಾಡಿದೆನೋ ಇವತ್ತಿಗೂ ತಿಳಿಯದು. ಇನ್ನೊಂದು ಸಲ ಗೆದ್ದು ನೋಡಬೇಕು ಅನ್ನಿಸಿತೋ ಏನೋ. ಹೊಸದಾಗಿ ಎಣ್ಣೆ ಬಸಿದು, ತೂತು ಬಿದ್ದ ಕಾಗದದಲ್ಲಿ ಇಡಿಯಾಗಿ ಉಳಿದಿದ್ದ ಒಂದು ಚೂರು ಕತ್ತರಿಸಿ ಇಳಿಬಿಟ್ಟೆ.

ನಾಲ್ಕನೇ ನಿಮಿಷಕ್ಕೆ ಗೆರೆ ಮೂಡಿತು. ತಿಳಿ ಕಂದು. ಆರನೇ ನಿಮಿಷಕ್ಕೆ ಅಕ್ಕನ ಕಾಡಿಗೆಯ ಗೆರೆಯಷ್ಟು ಸ್ಪಷ್ಟವಾಯಿತು.

ಮತ್ತೆ ಮಾಡಿದೆ. ಡಬ್ಬಿಯದು ಒಂದು, ಅಂಡೆಯದು ಒಂದು, ಒಂದೇ ಪಾತ್ರೆಯಲ್ಲಿ ಪಕ್ಕಪಕ್ಕ. ಅಂಡೆಯದು ನಾಲ್ಕೂವರೆ ನಿಮಿಷಕ್ಕೆ ಬಣ್ಣ ತಿರುಗಿತು. ಡಬ್ಬಿಯದು ಏನೂ ಕಾಣದ ಹಾಗೆ ಬೆಳ್ಳಗೆ ಕೂತಿತ್ತು. ಎರಡೂ ಒಂದೇ ಸೀಮೆಯಿಂದ ಬಂದದ್ದು, ಒಂದೇ ಕೊಠಡಿಯಲ್ಲಿ ಇದ್ದದ್ದು. ಒಂದೇ ವ್ಯತ್ಯಾಸ. ಡಬ್ಬಿಯೊಳಗೆ ಅವ್ವನ ಬುರುಡೆ ಇತ್ತು. ಅಯ್ಯೋ ದೇವರೇ, ನಾನು ಹುಳುವನ್ನಲ್ಲ, ಕಾಗದವನ್ನೇ ಕೊಂದಿದ್ದೆ! ಬಾವನ ಮುಂದೆ ಕುಣಿದಾಡಿದ ನಾಲಗೆ ಬಾಯೊಳಗೆ ಒಣಗಿ ಹೋಯಿತು.

ರಾಯರು ಬಂದಾಗ ಎರಡೂ ಕಾಗದ ತೋರಿಸಿದೆ. ಅವರು ಕಿಟಕಿಗೆ ಹಿಡಿದು ನೋಡಿದರು, ಕನ್ನಡಕ ತೆಗೆದು ನೋಡಿದರು, ಮತ್ತೆ ಹಾಕಿಕೊಂಡು ನೋಡಿದರು. ಆಮೇಲೆ ಬಾಗಿಲು ಮುಚ್ಚಿದರು.

"ಬೊಮ್ಮಯ್ಯ, ಸುಮ್ಮನಿರು. ಹುಳು ತಿಂದ ಕಾಗದ ಸಾಕ್ಷಿಗೆ ನಿಲ್ಲೋದಿಲ್ಲ. ಒಂದೂವರೆ ತಿಂಗಳು ಸಹಿ ಹಾಕಿದ್ದೀನಿ ನಾನು, ಒಂದೂವರೆ ತಿಂಗಳು! ಇದು ಹೊರಗೆ ಬಂದರೆ ನನ್ನನ್ನ ಯಾರಾದರೂ ಇನ್ನೊಂದು ಕೊಠಡಿ ಹೊಸಿಲು ತುಳಿಯೋಕೆ ಬಿಡ್ತಾರಾ?"

"ಸಾಮಿ, ನಾಳೆ ಎಂಟು ಪೆಟ್ಟಿಗೆ ಜಡೀತಾರೆ. ಜಡಿಯೋನು ನನ್ ಬಾವ."

"ಇಷ್ಟು ದಿನ ಏನೂ ಆಗಲಿಲ್ಲವಲ್ಲ."

"ಇಷ್ಟು ದಿನ ಗೊತ್ತಿರಲಿಲ್ಲ ಸಾಮಿ. ಈಗ ಗೊತ್ತು."

ರಾಯರು ಎರಡೂ ಕಾಗದವನ್ನು ನನ್ನ ಕೈಗೇ ವಾಪಸು ತುರುಕಿದರು. ಕೆಟ್ಟ ಮನುಷ್ಯರಲ್ಲ ಅವರು. ಹೆದರಿದ್ದರು, ಅಷ್ಟೇ. ಸಂಜೆ ದೊರೆಯ ಡೇರೆಗೆ ನಾನೊಬ್ಬನೇ ಹೋಗಿ ಹೇಳಿದೆ. ದೊರೆಗೆ ಅರೆಬರೆ ತಮಿಳು ಬರುತ್ತಿತ್ತು. ಪೂರಾ ಕೇಳಿಸಿಕೊಂಡರು, ಆಮೇಲೆ ನಕ್ಕರು. ಹೊಸ ಸರಕು ಬರುವುದರೊಳಗೆ ಮಳೆ ಬರುತ್ತದೆ, ಕಾನೂನಿನ ಪ್ರಕಾರ ಪರೀಕ್ಷೆಯಾಗಿದೆ, ಸಹಿಯಾಗಿದೆ, ಗಾಡಿಯವನೊಬ್ಬ ಹುಳು ತಿಂದ ಚೂರು ಹಿಡಿದು ಬಂದರೆ ಕೆಲಸ ನಿಲ್ಲಿಸಬೇಕೇ ಅಂದರು. "ನೀನು ಗಾಡಿ ಹೊಡಿ, ಅದು ನಿನಗೆ ಚೆನ್ನಾಗಿ ಬರುತ್ತದೆ" ಅಂದರು.

ಗಾಡಿ ಹೊಡೆಯುವುದು ಅವಮಾನದ ಕೆಲಸವಲ್ಲ. ಆದರೆ ಅವರು ಹೇಳಿದ ರೀತಿಗೆ ನನ್ನ ಮೈ ಉರಿದು ಹೋಯಿತು. ಆಯಿತು ದೊರೆ, ನಿಮ್ಮ ಕಾನೂನು ನಿಮಗೆ, ನಮ್ಮದು ನಮಗೆ ಅಂದುಕೊಂಡು ಎದ್ದು ಬಂದೆ.

ನಮ್ಮ ಜನಕ್ಕೆ ಒಂದು ಕಟ್ಟಳೆ ಇದೆ. ನ್ಯಾಯ ಸೇರಿದಾಗ ಕರಿ ಕಂಬಳಿ ಹಾಸಿ, ಅದರ ಮೇಲೆ ನೀರು ತುಂಬಿದ ಚೆಂಬು, ಚೆಂಬಿನಲ್ಲಿ ಬೇವಿನ ಸೊಪ್ಪು ಇಡುತ್ತಾರೆ. ಕಂಬಳಿ ಹಾಸಿದ ಮೇಲೆ ಮಾತು ಮುಗಿಯುವ ತನಕ ನಮ್ಮವನು ಯಾವನೂ ಅದನ್ನು ದಾಟುವಂತಿಲ್ಲ. ಹಾಸುವ ಹಕ್ಕು ಊರ ಹಿರಿಯರದು. ನನ್ನಂಥ ಪಡ್ಡೆ ಹೈದ ಒಬ್ಬನೇ ಹಾಸಿದ್ದು ಹಿಂದೆ ಕೇಳಿರಲಿಲ್ಲ, ಮುಂದೆಯೂ ಕೇಳಿಲ್ಲ. ಬೆಳಗಾಗುತ್ತಲೇ ನಾನು ಹೊದ್ದುಕೊಳ್ಳುವ ಕರಿ ಕಂಬಳಿಯನ್ನು ಮದ್ದಿನ ಮನೆ ಬಾಗಿಲಿಗೆ ಅಡ್ಡವಾಗಿ ಹಾಸಿದೆ. ಚೆಂಬು ಇಟ್ಟೆ, ಬೇವು ಇಟ್ಟೆ, ಪಕ್ಕದಲ್ಲಿ ಬರೀ ನೆಲಕ್ಕೆ ಕೂತೆ.

ಬಾವ ನಮ್ಮ ಜನದ ಇಪ್ಪತ್ತು ಆಳು ಕರೆದುಕೊಂಡು ಬಂದ. ಕಂಬಳಿ ನೋಡಿ ಎಲ್ಲರೂ ಕಟ್ಟಿಹಾಕಿದ ಹಾಗೆ ನಿಂತುಬಿಟ್ಟರು.

"ಅಡಾ ಪಾವಿ! ಯಾರು ಹೇಳಿದ್ರುಡಾ ಕಂಬಳಿ ಹಾಸು ಅಂತ?" ಬಾವ ಕಿರುಚಿದ.

"ಯಾರೂ ಹೇಳಿಲ್ಲ. ತಪ್ಪು ಮಾಡಿದೋನು ನಾನು, ಹಾಸಿದೋನೂ ನಾನೇ" ಅಂದೆ. ಅಷ್ಟು ಜನರ ಮುಂದೆ ಬುರುಡೆ ಎತ್ತಿ ತೋರಿಸಿ, ಅವ್ವ ಕೊಟ್ಟದ್ದು, ನಾನು ಇಟ್ಟದ್ದು, ಕಾಗದ ಸತ್ತದ್ದು, ನಾಲ್ಕು ನಿಮಿಷದ ಗೆರೆ, ಎಲ್ಲ ಹೇಳಿದೆ. "ಬಾವಾ, ನಿನ್ ಮೂಗು ಸರಿ, ನನ್ ಗಡಿಯಾರ ತಪ್ಪು. ಆ ಮದ್ದು ಕೆಟ್ಟದೆ. ಮುಟ್ಟಬ್ಯಾಡಿ." ಹೇಳುತ್ತಾ ಹೇಳುತ್ತಾ ಅಳು ಬಂತು. ಬಂದರೆ ಬರಲಿ ಅಂತ ಒರೆಸಿಕೊಳ್ಳಲೂ ಇಲ್ಲ.

ಅಷ್ಟರಲ್ಲಿ ದೊರೆ ಬಂದರು, ಹಿಂದೆ ಶ್ಯಾಮರಾಯರು. ಯಾಕೆ ನಿಂತಿದ್ದೀರಿ, ಪೆಟ್ಟಿಗೆ ಎತ್ತಿ ಅಂದರು. ಯಾರೂ ಅಲುಗಲಿಲ್ಲ. ದೊರೆಯ ಮುಖ ಕೆಂಪೇರಿತು. ರಾಯರ ಕಡೆ ತಿರುಗಿ, "ಸಹಿ ನಿನ್ನದು. ಇವರಿಗೆ ಹೇಳು. ಮದ್ದು ಚೆನ್ನಾಗಿದೆಯೋ ಇಲ್ಲವೋ?" ಅಂದರು.

ರಾಯರು ನನ್ನನ್ನು ನೋಡಿದರು, ಆಮೇಲೆ ಚೆಂಬನ್ನು ನೋಡಿದರು. ಬಲು ಸಣ್ಣ ದನಿಯಲ್ಲಿ, "ಹೇಳೋಕೆ ಬರೋದಿಲ್ಲ" ಅಂದರು.

ಅಷ್ಟೇ ಅಂದದ್ದು. ನನ್ನ ಪರವಾಗಿ ವಾದಿಸಲಿಲ್ಲ, ತಪ್ಪು ಒಪ್ಪಿಕೊಳ್ಳಲೂ ಇಲ್ಲ. ಆದರೆ ಒಂದೂವರೆ ತಿಂಗಳು ಚೆನ್ನಾಗಿದೆ ಅಂತ ಬರೆದ ಮನುಷ್ಯ ಬಾಯಿಬಿಟ್ಟು ಹೇಳಲು ಬರುವುದಿಲ್ಲ ಅಂದರೆ ಇನ್ನೇನು ಬೇಕು? ಆವತ್ತಿನಿಂದ ಇವತ್ತಿನವರೆಗೂ ಅವರ ಮೇಲೆ ನನಗೆ ಸಿಟ್ಟಿಲ್ಲ.

ದೊರೆ ಬೂಟುಗಾಲಲ್ಲೇ ಕಂಬಳಿ ದಾಟಿ ಒಳಗೆ ಹೋದರು. ಒಂದು ಕಡ್ಡಿ ಕೈಯಲ್ಲಿ ಹಿಡಿದು ಹೊರಗೆ ಬಂದು ಬಾವನ ಮುಂದೆ ಚಾಚಿದರು. "ತಗೋ."

ಬಾವ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ತಮಿಳಿನಲ್ಲಿ, ತುಂಬ ಮರ್ಯಾದೆಯಿಂದ ಹೇಳಿದ: "ದೊರೆಗಳು ಒಂದು ಉಪಕಾರ ಮಾಡಬೇಕು. ಗುಂಡಿ ಕೊರೆದು ಇಟ್ಟಿದ್ದೀನಿ. ತಾವು ಈ ಕಡ್ಡಿಯನ್ನ ಗುಂಡಿಗೆ ಹಾಕಿ, ಮರದ ಗಳದಲ್ಲಿ ನಾಲ್ಕು ಸಲ ಜಡೀರಿ. ಬತ್ತಿ ನಾನು ಹಚ್ತೀನಿ."

ದೊರೆ ಕಡ್ಡಿ ಹಿಡಿದುಕೊಂಡೇ ನಿಂತರು. ಆ ಎಣ್ಣೆ ಚರ್ಮಕ್ಕೆ ತಾಗಿದರೆ ತಲೆನೋವು ಬರುತ್ತದೆ, ನಮಗೆಲ್ಲ ಅಭ್ಯಾಸ. ಅವರ ಹಣೆಯಲ್ಲಿ ಬೆವರು ಇಳಿಯತೊಡಗಿತು. ಬಾವನನ್ನು ನೋಡಿದರು, ಕೈಯಲ್ಲಿದ್ದುದನ್ನು ನೋಡಿದರು. ಆಮೇಲೆ ಬಗ್ಗಿ ಆ ಕಡ್ಡಿಯನ್ನು ನನ್ನ ಕಂಬಳಿಯ ಮೇಲೆ ಇಟ್ಟರು. ನಿದ್ದೆ ಹೋದ ಮಗುವನ್ನು ತೊಟ್ಟಿಲಿಗೆ ಹಾಕುತ್ತಾರಲ್ಲ, ಅಷ್ಟು ಮೆಲ್ಲಗೆ ಇಟ್ಟರು. ಅದನ್ನು ಅಲ್ಲಿದ್ದ ಇಪ್ಪತ್ತು ಜನವೂ ನೋಡಿದರು. ಮದ್ದು ಚೆನ್ನಾಗಿದೆ ಅಂತ ನಂಬಿದ ಮನುಷ್ಯ ಹಾಗೆ ಇಡುವುದಿಲ್ಲ.

ಕೊನೆಗೆ ದೊರೆಯೇ ಸುಟ್ಟುಬಿಡಿ ಅಂದರು. ಒಣಗಿದ ಹಳ್ಳದಲ್ಲಿ ಹುಲ್ಲು ಹಾಸಿ, ಕಡ್ಡಿಗಳನ್ನು ಉದ್ದಕ್ಕೆ ಸಾಲಾಗಿ ಇಟ್ಟು, ದೂರದಿಂದ ಬೆಂಕಿ ಕೊಟ್ಟು ಎಂಟೂ ಪೆಟ್ಟಿಗೆ ಸುಟ್ಟೆವು. ಸೊರ್‌ ಅಂತ ಉರಿದು ಹೋಯಿತು. ಒಂದೂ ಸಿಡಿಯಲಿಲ್ಲ. "ನೋಡಿದೆಯಾ?" ಅಂದರು ದೊರೆ. ಆ ಸಂಜೆಯೇ ನನ್ನನ್ನು ಕೆಲಸದಿಂದ ತೆಗೆದರು. ಹೊಸ ಸರಕು ಬರುವುದರೊಳಗೆ ಮಳೆ ಹಿಡಿಯಿತು, ಬಂಡೆ ಹಾಗೇ ಉಳಿಯಿತು, ಆಳುಗಳು ಆ ಮಳೆಗಾಲವೆಲ್ಲ ಕೆಲಸವಿಲ್ಲದೆ ಕೂತರು. ಸಿಡಿಯದ ಮದ್ದಿಗೆ ಹೆದರಿ ಇಷ್ಟು ಜನರ ಅನ್ನ ಕಿತ್ತ ಅಂತ ನನ್ನನ್ನು ಆಡಿಕೊಂಡರು. ಹಳ್ಳದ ಹುಲ್ಲಿನ ಮೇಲೆ ಸುಮ್ಮನೆ ಉರಿದದ್ದು ಬಂಡೆಯ ಗುಂಡಿಯೊಳಗೆ ಗಳದ ಏಟು ತಿಂದಾಗಲೂ ಸುಮ್ಮನೆ ಇರುತ್ತಿತ್ತು ಅಂತ ಯಾವನಾದರೂ ಆಣೆ ಹಾಕಿ ಹೇಳಲಿ, ಕೇಳುತ್ತೇನೆ. ಇದುವರೆಗೆ ಒಬ್ಬನೂ ಹೇಳಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಊರಲ್ಲಿ ಹಿರಿಯರು ನ್ಯಾಯ ಸೇರಿಸಿದರು. ಈ ಸಲ ಕಂಬಳಿಯನ್ನು ಅವರು ಹಾಸಿದ್ದರು. ನಾನು ನಿಂತು, ಬುರುಡೆ ಇಟ್ಟದ್ದು ತಪ್ಪು, ಬಾವನ ಮಾತು ತಳ್ಳಿಹಾಕಿದ್ದು ಅದಕ್ಕಿಂತ ದೊಡ್ಡ ತಪ್ಪು ಅಂತ ನೆಲಕ್ಕೆ ಬಿದ್ದು ಒಪ್ಪಿಕೊಂಡೆ. ಒಬ್ಬನೇ ಕಂಬಳಿ ಹಾಸಿದ್ದಕ್ಕೂ ತಪ್ಪು ಒಪ್ಪಿಕೋ ಅಂದರು.

"ಅದು ಒಪ್ಪಲ್ಲ" ಅಂದೆ.

"ಕಟ್ಟಳೆ ಮೀರಿದೀಯಡಾ!"

"ಮೀರಿದೀನಿ. ನಿಮ್ಮನ್ನ ಕರೆಯೋಕೆ ಮಾರ್ಕಯನ್‌ಕೋಟ್ಟೈಗೆ ಬಂದು ಹೋಗೋದ್ರೊಳಗೆ ಅವ್ರು ಬೆಟ್ಟ ಹತ್ತಿರ್ತಿದ್ರು. ನಾಳೆ ಇಂಥದ್ದೇ ಬಂದ್ರೆ ನಾಳೇನೂ ಹಾಸ್ತೀನಿ."

ಒಂದು ವರ್ಷ ನನಗೆ ಯಾವ ಮನೆಯಲ್ಲೂ ವೀಳ್ಯ ಕೊಡಬಾರದು ಅಂತ ತೀರ್ಪಾಯಿತು. ಮದುವೆ ಮನೆಗೆ ಹೋದರೆ ತಟ್ಟೆ ನನ್ನನ್ನು ದಾಟಿಕೊಂಡು ಮುಂದೆ ಹೋಗುತ್ತಿತ್ತು. ಅವ್ವನನ್ನೂ ಬಿಡಲಿಲ್ಲ. ನಿನ್ನ ಬುರುಡೆಯಿಂದ ಇಷ್ಟೆಲ್ಲ ಆಯಿತು ಅಂತ ನೀರಿನ ಬಾವಿ ಹತ್ತಿರ ಯಾರೋ ಅಂದಾಗ ಅವ್ವ ಕೊಡ ಇಳಿಸಿ ಸೊಂಟಕ್ಕೆ ಕೈ ಕೊಟ್ಟಳಂತೆ. "ನಾ ಕೊಟ್ಟಿದ್ದು ಹುಳಕ್ಕೆ. ಹುಳ ಬಂತಾ? ಬರಲಿಲ್ಲ. ಕಾಗದ ಸಾಯ್ತದೆ ಅಂತ ಆ ಓದಿದ ಸಾಮಿಗೇ ತಿಳೀಲಿಲ್ಲ, ಅವರೆ ಕೇರೋಳಿಗೆ ತಿಳೀತದಾ? ಹೋಗ್ರೇ, ನಿಮ್ ಮಡಕೇಲಿರ್ಬೋದು ಹುಳ, ನನ್ ಮಡಕೇಲಿಲ್ಲ!" ಅಂದಳಂತೆ. ನಾನು ಮತ್ತೆ ಗಾಡಿ ಕಟ್ಟಿದೆ. ದಿಂಡಿಗಲ್ಲಿಗೆ ಹೊಗೆಸೊಪ್ಪು, ವಾಪಸು ಬರುವಾಗ ಉಪ್ಪು. ಮದ್ದನ್ನು ಮಾತ್ರ ಮತ್ತೆಂದೂ ಹೇರಲಿಲ್ಲ.

ಬಾವ ಆ ವಿಷಯ ನನ್ನ ಹತ್ತಿರ ಮತ್ತೆ ಎತ್ತಲೇ ಇಲ್ಲ. ವೀಳ್ಯದ ತೀರ್ಪಾದ ಮರುದಿನ ಮಾತ್ರ ಹಟ್ಟಿಯ ಎಲ್ಲರೂ ನೋಡುವ ಹಾಗೆ ನಮ್ಮ ಜಗಲಿಗೆ ಬಂದು ಕೂತ. ಮಡಿಲಿಂದ ಎಲೆ ತೆಗೆದು, ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಿಸಿ, ನನ್ನ ಬಾಯಿಗೇ ಇಟ್ಟ. "ಅಗಿ ಮಚ್ಚಾ" ಅಂದ. ಅವನನ್ನು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಇನ್ನೂ ಹನ್ನೆರಡು ವರ್ಷ ಅವನು ಬಂಡೆ ಒಡೆದ.

ಮೊನ್ನೆ ಅವರೆ ಮಡಕೆಯ ಮುಂದೆ ನಾನು ಬುರುಡೆ ಹಿಡಿದು ಕೂತಿದ್ದನ್ನು ಅಕ್ಕ ನೋಡಿದಳು. ಬಂದು ಪಕ್ಕದಲ್ಲಿ ಕೂತಳು. ಎಪ್ಪತ್ತು ದಾಟಿದ ಗಂಡನನ್ನು ಕಳೆದುಕೊಂಡವಳಿಗೆ ಏನು ಹೇಳುವುದು? ಅವಳೇ ನನ್ನ ಕೈಯಿಂದ ಬುರುಡೆ ತೆಗೆದು ಮತ್ತೆ ಕಾಳಿನೊಳಗೆ ಹುದುಗಿಸಿ ಮಡಕೆ ಮುಚ್ಚಿದಳು.

"ತಮ್ಮಾ, ಊರು ಏನಾದ್ರೂ ಅನ್ಲಿ" ಅಂದಳು. "ನಿನ್ ಬಾವಂಗೆ ಕೊನೆ ನೀರು ಹಾಕುವಾಗ ಕೈ ಹಿಡಿದು ಬೆರಳು ಎಣಿಸ್ದೆ. ಹತ್ತೂ ಇದ್ದೋ."